ಹಿಪ್ ಹಾಪ್ ನಡುವೆ ಯಾವ ಪ್ರಯೋಗ?
ಟೀಚರ್, ಬದಿಯಡ್ಕದ ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಹಿಪ್ ಹಾಪ್ ಕುಣಿತದ ನಡುವೆಯೇ ಮಾಡಿ ತೋರಿಸಬಹುದಾದ ವಿಜ್ಞಾನ ಪ್ರಯೋಗ ಯಾವುದೆಂದು ಕೇಳಿದ್ದೀರಿ. ತಿರುಗುವ ಕುರ್ಚಿಯೊಂದು ಸಾಕು.

ಬೆನ್ನ ಮೇಲೆ ಗಿರಗಿರನೆ ಸುತ್ತುವ ಹುಡುಗ ಚಾಚಿದ ಕಾಲುಗಳನ್ನು ಎದೆಗೆ ಎಳೆದುಕೊಂಡೊಡನೆ ವೇಗ ಏರುತ್ತದೆ. ಅಲ್ಲಿಗೇ ಹಾಡು ನಿಲ್ಲಿಸಿ. ಎರಡು ಕೈಗಳಲ್ಲೂ ನೀರು ತುಂಬಿದ 1 ಲೀಟರ್ ಬಾಟಲಿ ಹಿಡಿದು, ಕೈ ಚಾಚಿ ಕುರ್ಚಿಯಲ್ಲಿ ಕುಳಿತ ಹುಡುಗಿಯನ್ನು ಮೆಲ್ಲನೆ ತಿರುಗಿಸಿ. ಬಾಟಲಿಗಳನ್ನು ಎದೆಗೆ ತಂದಾಗ ಅವಳ ವೇಗವೂ ಏರುತ್ತದೆ. ತೂಕ ಅಕ್ಷದ ಹತ್ತಿರ ಬಂದರೆ, ಕೋನೀಯ ಸಂವೇಗ (ತೂಕ, ಅಕ್ಷದಿಂದ ಅದರ ದೂರ, ಸುತ್ತುವ ವೇಗ ಮೂರೂ ಸೇರಿದ ಅಳತೆ) ಅಷ್ಟೇ ಉಳಿಯಬೇಕಾದ್ದರಿಂದ ವೇಗ ಹೆಚ್ಚಲೇಬೇಕು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲವೇ, ಯಕ್ಷಗಾನದ ಧೀಂಗಿಣ (ಗಿರಕಿ ಹೊಡೆಯುತ್ತ ಕುಣಿಯುವುದು) ಹಾಕುವ ಮಕ್ಕಳನ್ನೂ ದಯವಿಟ್ಟು ವೇದಿಕೆಗೆ ಕರೆಯಿರಿ. ಹೊಗೆಗೆಂದು ಡ್ರೈ ಐಸ್ (ಘನರೂಪದ ಕಾರ್ಬನ್ ಡೈಆಕ್ಸೈಡ್) ಮಾತ್ರ ಬೇಡ. ಸುಮಾರು ಮೈನಸ್ 78 ಡಿಗ್ರಿಯ ಅದನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಸುಟ್ಟಂತಾಗುತ್ತದೆ.