ಬಿಟ್ಟಿ ಚಾಕರಿಯೋ, ಮುಯ್ಯಾಳೋ?

ಶಿರಸಿ ತಾಲ್ಲೂಕಿನ ಓದುಗರೊಬ್ಬರು ಮೂರು ಪುಟ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: ಇಪ್ಪತ್ತಾರರ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದಿದ್ದಾಳೆ. ಡಿಸೆಂಬರಿನಲ್ಲಿ ಬೆನ್ನಿಗೊಂದು ಚೀಲ ಏರಿಸಿಕೊಂಡು ಒಬ್ಬಳೇ ಆರು ತಿಂಗಳು ನೇಪಾಳ, ಥಾಯ್ಲೆಂಡ್, ಕಾಂಬೋಡಿಯ, ಇಂಗ್ಲೆಂಡ್ ಸುತ್ತುತ್ತಾಳಂತೆ. ತೋಟಗಳಲ್ಲಿ, ಒಂದು ಅನಾಥಾಲಯದಲ್ಲಿ ಸಂಬಳವಿಲ್ಲದೆ ದುಡಿಯುತ್ತಾಳಂತೆ. ‘ನಮ್ಮಲ್ಲಿ ಅಡಿಕೆಯ ಕೊನೆಕೊಯ್ಲಿಗೆ ಆಳು ಸಿಗದೆ ಒದ್ದಾಡುತ್ತಿದ್ದೇವೆ. ಇವಳು ಪರದೇಶದವರ ತೋಟದಲ್ಲಿ ಬಿಟ್ಟಿ ಚಾಕರಿಗೆ ಹೊರಟಿದ್ದಾಳೆ. ಕಳಿಸಲೋ ಬೇಡವೋ, ನೀನೇ ಹೇಳು ತಮ್ಮಾ.’

ತಮ್ಮಾ ಎಂದಿದ್ದೀರಿ, ನಾನೂ ಅಕ್ಕಾ ಎಂದೇ ಶುರು ಮಾಡುತ್ತೇನೆ.

ಅಕ್ಕಾ, ಕಳಿಸುವ ಮಾತು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ರಾಜೀನಾಮೆ ಕೊಟ್ಟು ಬಂದವಳು ನಿಮಗೆ ಹೇಳಿದ್ದಾಳೆ, ಕೇಳಿಲ್ಲ. ಅವಳು ಅಲ್ಲಿ ಹೋಗಿ ಏನು ಕೆಲಸ ಮಾಡುತ್ತಾಳೆ ಎಂಬುದರ ಬಗ್ಗೆ ಮಾತ್ರ ನನಗೆ ಹೇಳುವುದಿದೆ.

ಮೊದಲು ಬಿಟ್ಟಿ ಚಾಕರಿಯ ಮಾತು. ನಿಮ್ಮ ಅತ್ತೆಯವರ ಕಾಲದಲ್ಲಿ ಮುಯ್ಯಾಳಿನ ಲೆಕ್ಕ ಇತ್ತಲ್ಲ, ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು? ದುಡ್ಡು ಕೈ ಬದಲಾಗುತ್ತಿರಲಿಲ್ಲ, ಊಟ ಮಾತ್ರ ಗದ್ದೆಯವರದ್ದು. ಅದನ್ನು ಯಾರೂ ಬಿಟ್ಟಿ ಎನ್ನಲಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಸೂ ಕೊಪ್ಪರ್ಡ್ ಎಂಬ ಸೆಕ್ರೆಟರಿ ಹೆಂಗಸಿಗೆ ವಾರದ ಕೊನೆಯಲ್ಲಿ ಹಳ್ಳಿ ಕಡೆ ಹೋಗಬೇಕೆನಿಸಿತು. ಸಾವಯವ ಕೃಷಿ ಮಾಡುವವರ ಹೊಲದಲ್ಲಿ ಕೈಲಾದ ಕೆಲಸ ಮಾಡುವುದು, ಅವರು ಊಟ, ಮಲಗಲು ಜಾಗ ಕೊಡುವುದು ಎಂಬ ಏರ್ಪಾಡು ಮಾಡಿಕೊಂಡಳು. ಅದೇ ಬೆಳೆದು ಇವತ್ತಿನ ‘ವೂಫ್’ (WWOOF) ಜಾಲವಾಗಿದೆ. ನಿಮ್ಮ ಮಗಳ ಪಟ್ಟಿಯಲ್ಲಿರುವ ತೋಟಗಳು ಈ ಬಗೆಯವೇ ಇರಬೇಕು. ದಿನಕ್ಕೆ ನಾಲ್ಕರಿಂದ ಆರು ಗಂಟೆ ಕೆಲಸ ಎನ್ನುವುದು ಸಾಮಾನ್ಯ ರೂಢಿ.

ರೂಢಿ ಎಂದೆ, ಎಲ್ಲರೂ ಪಾಲಿಸುತ್ತಾರೆ ಎನ್ನಲಿಲ್ಲ. ನಾನೇ ಒಂದು ಕಡೆ (ಯಾವ ದೇಶ ಎಂದು ಬೇಡ) ಬೆಳಗಿನ ಆರಕ್ಕೆ ಪೊರಕೆ ಹಿಡಿದು ರಾತ್ರಿ ಒಂಬತ್ತಕ್ಕೆ ತಟ್ಟೆ ತೊಳೆದು ಮುಗಿಸುತ್ತಿದ್ದೆ. ನಾಲ್ಕನೇ ದಿನ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟೆ. ಹೊರಡಲು ಆದದ್ದು ಜೇಬಿನಲ್ಲಿ ದುಡ್ಡಿದ್ದುದರಿಂದ. ಯಾವ ನಡುರಾತ್ರಿಯಲ್ಲಾದರೂ ಎದ್ದು ಬೇರೆ ಕಡೆ ರೂಮು ಹಿಡಿದು ಊರಿಗೆ ಟಿಕೆಟ್ ತೆಗೆಸುವಷ್ಟು ಹಣ ಮಗಳ ಖಾತೆಯಲ್ಲಿ ಮುಟ್ಟದ ಗಂಟಾಗಿ ಇರಲಿ. ಒಬ್ಬಳೇ ಹೋಗುವ ಹುಡುಗಿಗೆ ಹತ್ತು ಬುದ್ಧಿಮಾತಿಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಆ ಗಂಟನ್ನು ನೀವೇ ಕಟ್ಟಿಕೊಟ್ಟರೆ ಇನ್ನೂ ಒಳ್ಳೆಯದು.

ನೇಪಾಳದಲ್ಲೂ ಮುಯ್ಯಾಳು ಇದೆ, ಅಲ್ಲಿ ‘ಪರ್ಮ’ ಎನ್ನುತ್ತಾರೆ. ಪೋಖರಾದಾಚೆಯ ಗುಡ್ಡದ ಹಳ್ಳಿಯೊಂದರಲ್ಲಿ ಒಂದು ಮಳೆಗಾಲ ಮೂರು ವಾರ ಇದ್ದೆ. ನಿಂತ ಮುಸುಕಿನ ಜೋಳದ ಸಾಲಿನ ನಡುವೆಯೇ ರಾಗಿ ಪೈರು ನಾಟಿ ಮಾಡುತ್ತಾರೆ. ನಾನು ನೆಟ್ಟ ಸಾಲನ್ನು ಮನೆಯೊಡತಿ ಏನೂ ಅನ್ನದೆ ಹಿಂದಿನಿಂದ ಕಿತ್ತು ಮತ್ತೆ ನೆಡುತ್ತಾ ಬರುತ್ತಿದ್ದಳು. ಎರಡನೇ ದಿನವೇ ನನಗೆ ಬಡ್ತಿ ಸಿಕ್ಕಿ ಪೈರಿನ ಕಟ್ಟು ಹೊರುವವನಾದೆ. ರಾತ್ರಿ ಊಟಕ್ಕೆ ‘ಢಿಂಡೊ’, ಜೊತೆಗೆ ಹುಳಿಸಿ ಒಣಗಿಸಿದ ಸೊಪ್ಪಿನ ಸಾರು, ಗುಂದ್ರುಕ್. ಢಿಂಡೊ ಎಂದರೆ ನಮ್ಮ ರಾಗಿಮುದ್ದೆಯ ಅಣ್ಣತಮ್ಮ. ಮಂಡ್ಯದ ಕಡೆಯವನು ನಾನು. ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ಅಜ್ಜಿ ಒಲೆ ಮುಂದಿನಿಂದ ಎದ್ದು ಬಂದು ಮುಖ ನೋಡಿದಳು. ನಾಟಿಯಲ್ಲಿ ಹೋದ ಮಾನ ಊಟದಲ್ಲಿ ವಾಪಸ್ ಬಂತು.

ಆ ಮೂರು ವಾರದಲ್ಲಿ ಅವರಿಗೆ ನನ್ನಿಂದ ಹೆಚ್ಚೇನೂ ಆಗಲಿಲ್ಲ ಅಕ್ಕಾ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಾಗಾಗಿ ಯಾರಿಗೂ ತೊಂದರೆ ಆಗಲಿಲ್ಲ.

ಅನಾಥಾಲಯದ ವಿಷಯ ಹಾಗಲ್ಲ. ಅದನ್ನು ಪಟ್ಟಿಯಿಂದ ಹೊಡೆದು ಹಾಕಲು ಹೇಳಿ. ಕಾಂಬೋಡಿಯದಲ್ಲಿ ಸರ್ಕಾರ ಮತ್ತು ಯೂನಿಸೆಫ್ ಸೇರಿ 2011ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಅನಾಥಾಲಯಗಳಲ್ಲಿದ್ದ ಮಕ್ಕಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲಿಗೆ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಇದ್ದರು. ಬಡವರ ಮಕ್ಕಳನ್ನು ‘ಓದಿಸುತ್ತೇವೆ’ ಎಂದು ಕರೆತರುವುದು, ಪ್ರವಾಸಿಗರಿಗೆ ತೋರಿಸುವುದು. ಬರುವವರು ಹೆಚ್ಚಾದಷ್ಟೂ ಮಕ್ಕಳೂ ಹೆಚ್ಚು ಬೇಕು. 2018ರಲ್ಲಿ ಆಧುನಿಕ ಗುಲಾಮಗಿರಿಯ ಮೇಲೆ ಕಾನೂನು ತರುವಾಗ ಆಸ್ಟ್ರೇಲಿಯ ಈ ದಂಧೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಕಾಂಬೋಡಿಯದ ಸಿಯೆಮ್ ರೀಪ್ ಪಟ್ಟಣದಲ್ಲಿ, ಆಂಗ್ಕೋರ್ ವಾಟ್ ದೇವಾಲಯ ನೋಡಿ ಬಂದ ಮಧ್ಯಾಹ್ನ, ಇದಾವುದೂ ಗೊತ್ತಿಲ್ಲದೆ ನಾನೂ ಅಂಥದ್ದೊಂದು ಕಡೆ ಹೋಗಿದ್ದೆ. ಮಕ್ಕಳು ಸಾಲಾಗಿ ನಿಂತು ಹಾಡಿದವು. ಐದಾರು ವರ್ಷದ ಹುಡುಗಿ ಬಂದು ನನ್ನ ಕಿರುಬೆರಳು ಹಿಡಿದುಕೊಂಡಳು. ಗಂಟೆಹೊತ್ತು ಬಿಡಲೇ ಇಲ್ಲ, ನನಗೆ ಗಂಟಲು ಕಟ್ಟಿತು. ಅಷ್ಟರಲ್ಲಿ ಗೇಟಿನ ಹತ್ತಿರ ಇನ್ನೊಂದು ವ್ಯಾನು ನಿಂತಿತು. ಹುಡುಗಿ ನನ್ನ ಬೆರಳು ಬಿಟ್ಟು ಓಡಿಹೋಗಿ, ಅದರಿಂದ ಇಳಿದವರ ಬೆರಳು ಹಿಡಿದಳು. ಎರಡು ವಾರ ಇದ್ದು ಹೋಗುವ ಅಕ್ಕಂದಿರನ್ನು ಅವಳು ಎಷ್ಟು ಜನ ನೋಡಿದ್ದಳೋ. ನಿಮ್ಮ ಮಗಳು ಅವರಲ್ಲೊಬ್ಬಳಾಗುವುದು ಬೇಡ.

ವೀಸಾದ್ದು ಒಂದೆರಡು ಮಾತು. ನೇಪಾಳಕ್ಕೆ ನಮಗೆ ವೀಸಾ ಬೇಕಿಲ್ಲ. ಉಳಿದ ಕಡೆ ಎಚ್ಚರ ಬೇಕು: ಸಂಬಳ ಇಲ್ಲದಿದ್ದರೂ, ಊಟ ವಸತಿಗೆ ಬದಲಾಗಿ ದುಡಿದರೆ ಹಲವು ದೇಶಗಳು ಅದನ್ನು ಕೆಲಸವೆಂದೇ ನೋಡುತ್ತವೆ, ಟೂರಿಸ್ಟ್ ವೀಸಾದಲ್ಲಿ ಸಿಕ್ಕಿಬಿದ್ದರೆ ವಾಪಸ್ ಕಳಿಸಬಹುದು. ಇಂಗ್ಲೆಂಡಿನಲ್ಲಿ ವಿಸಿಟರ್ ವೀಸಾದವರು ನೋಂದಾಯಿತ ಸೇವಾಸಂಸ್ಥೆಯಲ್ಲಿ ಮಾತ್ರ, ಹೆಚ್ಚೆಂದರೆ 30 ದಿನ ಸ್ವಯಂಸೇವೆ ಮಾಡಬಹುದು. ಯಾರದ್ದೋ ತೋಟಕ್ಕೆ ಅದು ಅನ್ವಯಿಸುವುದಿಲ್ಲ. ಇಮಿಗ್ರೇಷನ್ ಕೌಂಟರಿನಲ್ಲಿ ಸುಳ್ಳು ಹೇಳುವುದನ್ನು ಕಲಿಸಿಕೊಡುವ ಸ್ನೇಹಿತರು ಸಿಗುತ್ತಾರೆ, ಅವರ ಮಾತು ಕೇಳದಿರಲಿ.

ಇನ್ನು ನಿಮ್ಮ ಕೊನೆಕೊಯ್ಲು. ಇದು ಅವಳಿಗೆ ಹೇಳಬೇಕಾದ ಮಾತು, ನನ್ನ ಹೆಸರಲ್ಲೇ ಹೇಳಿ: ಡಿಸೆಂಬರಿನಲ್ಲಿ ನೇಪಾಳದ ಗುಡ್ಡಗಳಲ್ಲಿ ರಾಗಿ ಕೊಯ್ದು ಮನೆ ಸೇರಿರುತ್ತದೆ. ಆಗ ಹೋಗಿ ಒಲೆ ಮುಂದೆ ಕೂರುವ ಬದಲು ಜನವರಿ ಮುಗಿಯುವವರೆಗೆ ಮನೆಯಲ್ಲಿದ್ದು, ಮೆಟ್ಟುಗತ್ತಿ ಮುಂದೆ ಕೂತು ನಿಮ್ಮೊಂದಿಗೆ ಅಡಿಕೆ ಸುಲಿಯಲಿ. ಫೆಬ್ರವರಿಯಲ್ಲಿ ಹೊರಟು, ಪಟ್ಟಿಯನ್ನು ತಿರುವುಮುರುವು ಮಾಡಿ ನೇಪಾಳವನ್ನು ಕೊನೆಗಿಟ್ಟುಕೊಂಡರೆ ಜುಲೈ ಹೊತ್ತಿಗೆ, ನಾಟಿಗೆ ಸರಿಯಾಗಿ ತಲುಪುತ್ತಾಳೆ. ಜಡಿಮಳೆ ಇರುತ್ತದೆ, ಕಾಲಿಗೆ ಉಂಬಳ (ಜಿಗಣೆ) ಹತ್ತುತ್ತವೆ. ಶಿರಸಿಯವಳಿಗೆ ಅದನ್ನೇನು ಹೊಸದಾಗಿ ಹೇಳುವುದು.