ಜ್ವರ ಬಿಟ್ಟು ಐದು ವಾರವಾದರೂ ಸುಸ್ತು ಬಿಟ್ಟಿಲ್ಲ: ವೈರಸ್ಸೋ, ಸಕ್ಕರೆಯೋ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಐವತ್ತೆರಡು ವರ್ಷ, ಎಂಟು ವರ್ಷದಿಂದ ಮಧುಮೇಹ. ವೈರಲ್ ಜ್ವರ ಬಿಟ್ಟು ಐದು ವಾರವಾಗಿದೆ, ಆದರೆ ಸ್ನಾನ ಮುಗಿಸಿ ಬಂದರೆ ಅರ್ಧ ಗಂಟೆ ಮಲಗಲೇಬೇಕು. ಪರೀಕ್ಷೆಗಳಲ್ಲಿ ವಿಶೇಷವೇನೂ ಇಲ್ಲ ಎಂದಿದ್ದಾರೆ. ಎದ್ದು ಓಡಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಮನೆಯವರು ಹೇಳುತ್ತಾರೆ. ಇದು ವೈರಸ್ಸಿನ ಸುಸ್ತೋ ಸಕ್ಕರೆಯ ಸುಸ್ತೋ ಎಂದು ಕೇಳಿದ್ದೀರಿ. ಕೊನೆಯಲ್ಲಿ, ಜ್ವರದ ಸಮಯದಲ್ಲಿ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಹೆಚ್ಚಿಸಿದ್ದರು, ಈಗಲೂ ಅದೇ ಪ್ರಮಾಣ ನಡೆಯುತ್ತಿದೆ ಎಂದು ಒಂದು ಸಾಲು ಬರೆದಿದ್ದೀರಿ. ನನ್ನ ಕಣ್ಣು ನಿಂತದ್ದು ಆ ಸಾಲಿನ ಮೇಲೆ.

ನಾನು ವೈದ್ಯೆಯಲ್ಲ. ಹದಿನಾರು ವರ್ಷದಿಂದ ಟೈಪ್ 2 ಮಧುಮೇಹದೊಂದಿಗೆ ಬದುಕುತ್ತಿರುವವಳು, ನೀವು ಈಗ ಇರುವ ಜಾಗದಲ್ಲಿ ಒಮ್ಮೆ ನಾಲ್ಕು ತಿಂಗಳು ಇದ್ದು ಬಂದವಳು. ನನ್ನ ಅನುಭವದಲ್ಲಿ ಅದು ಒಂದು ಸುಸ್ತಾಗಿರಲಿಲ್ಲ. ಎರಡು ಸುಸ್ತುಗಳು ಒಂದೇ ಮೈಯಲ್ಲಿ ಸೇರಿಕೊಂಡಿದ್ದವು. ಒಂದಕ್ಕೆ ವಾರದೊಳಗೆ ಪರಿಹಾರ ಸಿಕ್ಕಿತು, ಇನ್ನೊಂದಕ್ಕೆ ಕಾಯಬೇಕಾಯಿತು. ಬೇರ್ಪಡಿಸಿ ನೋಡುವವರೆಗೆ ಎರಡೂ ಕೈಗೆ ಸಿಕ್ಕಿರಲಿಲ್ಲ.

ನನಗೆ ಜ್ವರ ಬಂದಾಗ ಸಕ್ಕರೆ ಮುನ್ನೂರು ದಾಟಿತ್ತು. ಊಟವೇ ಸೇರುತ್ತಿರಲಿಲ್ಲ, ಆದರೂ ಏರುತ್ತಿತ್ತು. ಸೋಂಕಿನ ವಿರುದ್ಧ ಹೋರಾಡುವ ದೇಹ ಕಾರ್ಟಿಸೋಲ್, ಅಡ್ರಿನಲಿನ್, ಗ್ಲುಕಗಾನ್‌ನಂಥ ಹಾರ್ಮೋನುಗಳನ್ನು ಹೆಚ್ಚು ಸುರಿಸುತ್ತದೆ. ಅವು ಯಕೃತ್ತಿನಿಂದ ಗ್ಲೂಕೋಸ್ ಹೊರಡಿಸುತ್ತವೆ, ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುತ್ತವೆ. ಆದ್ದರಿಂದ ನನ್ನ ರಾತ್ರಿಯ ಇನ್ಸುಲಿನ್ ಅನ್ನು 14 ಯೂನಿಟ್‌ನಿಂದ 20ಕ್ಕೆ ಏರಿಸಿದರು. ಆ ಹೊತ್ತಿಗೆ ಅದು ಸರಿಯಾದ ತೀರ್ಮಾನವೇ. ಜ್ವರ ಇಳಿದ ಮೇಲೆ ಆ ಹಾರ್ಮೋನುಗಳೂ ಇಳಿದವು. ಆದರೆ 20 ಮಾತ್ರ 20 ಆಗಿಯೇ ಉಳಿಯಿತು. ಯಾರೂ ಇಳಿಸಲಿಲ್ಲ, ನಾನೂ ಕೇಳಲಿಲ್ಲ.

ಬೆಳಿಗ್ಗೆ ಏಳುವಾಗ ತಲೆಯ ಮೇಲೆ ಕಲ್ಲು ಹೇರಿದಂತೆ ಇರುತ್ತಿತ್ತು. ರಾತ್ರಿಯಿಡೀ ಯಾರೋ ಅಟ್ಟಿಸಿಕೊಂಡು ಬಂದಂಥ ಕನಸುಗಳು. ಖಾಲಿ ಹೊಟ್ಟೆಯ ಸಕ್ಕರೆ 120, 130ರ ಆಸುಪಾಸಿನಲ್ಲಿ ಇದ್ದದ್ದರಿಂದ ಎಲ್ಲ ಚೆನ್ನಾಗಿದೆ ಎಂದೇ ಅಂದುಕೊಂಡಿದ್ದೆ. ಒಂದು ರಾತ್ರಿ ಎಚ್ಚರವಾದಾಗ ದಿಂಬಿನ ಬಟ್ಟೆ ಕೆನ್ನೆಗೆ ಒದ್ದೆಯಾಗಿ ತಗುಲಿತು. ಜ್ವರ ಮತ್ತೆ ಬಂತೇನೋ ಎಂದು ಥರ್ಮಾಮೀಟರ್ ಇಟ್ಟುಕೊಂಡೆ, ಇರಲಿಲ್ಲ. ಬೆರಳಿಗೆ ಸೂಜಿ ಚುಚ್ಚಲು ಕೈ ನಡುಗಿ ಮೂರು ಸಲ ಪ್ರಯತ್ನಿಸಬೇಕಾಯಿತು. ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ, ಗ್ಲುಕೋಮೀಟರಿನಲ್ಲಿ 54. ಎಪ್ಪತ್ತಕ್ಕಿಂತ ಕೆಳಗೆ ಹೋದರೇ ಅದು ಕಡಿಮೆ ಸಕ್ಕರೆ. ನಾಲ್ಕು ವಾರಗಳಿಂದ ನಾನು ‘ವೈರಸ್ಸಿನ ಸುಸ್ತು’ ಎಂದು ಹೊತ್ತುಕೊಂಡು ತಿರುಗುತ್ತಿದ್ದುದರಲ್ಲಿ ಅರ್ಧದಷ್ಟು ಇದೇ ಆಗಿತ್ತು. ಮರುದಿನ ವೈದ್ಯರಿಗೆ ಫೋನ್ ಮಾಡಿದೆ, ಪ್ರಮಾಣ ಇಳಿಸಿದರು. ವಾರದೊಳಗೆ ಬೆಳಗಿನ ತಲೆಭಾರ ಹೋಯಿತು.

ಗ್ಲಿಮೆಪಿರೈಡ್ ಕೂಡ ಇದೇ ರೀತಿ ಸಕ್ಕರೆಯನ್ನು ತೀರಾ ಕೆಳಗೆ ಇಳಿಸಬಲ್ಲ ಮಾತ್ರೆ. ಜ್ವರದ ನಂತರ ಹಸಿವು ಇನ್ನೂ ಪೂರ್ತಿ ಬಂದಿರದ ಹೊತ್ತಿನಲ್ಲಿ ಇನ್ನೂ ಸುಲಭವಾಗಿ ಇಳಿಸುತ್ತದೆ. ನೀವಾಗಿಯೇ ಪ್ರಮಾಣ ಬದಲಿಸಬೇಡಿ. ಆದರೆ ನಾಳೆಯೇ ನಿಮ್ಮ ವೈದ್ಯರನ್ನು ಕೇಳಿ: ಜ್ವರಕ್ಕೆಂದು ಏರಿಸಿದ್ದು ಈಗಲೂ ಬೇಕೇ? ಅಳೆದಾಗ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸನ್ನೋ ಸಕ್ಕರೆಯನ್ನೋ ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಾದರೆ ಎದೆಬಡಿತ, ನಡುಕದಂಥ ಸೂಚನೆಗಳು ಮರೆಯಾಗಬಹುದು. ಬೆವರು ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ, ಅದನ್ನು ಗಮನಿಸಿ.

ಇದರ ಉಲ್ಟಾ ಕೂಡ ಆಗುತ್ತದೆ. ಸಕ್ಕರೆ ಸುಮಾರು 180 ದಾಟಿದರೆ ಮೂತ್ರದಲ್ಲಿ ಇಳಿಯಲು ಶುರುವಾಗುತ್ತದೆ, ಜೊತೆಗೆ ನೀರನ್ನೂ ಉಪ್ಪಿನಂಶವನ್ನೂ ಎಳೆದುಕೊಂಡು ಹೋಗುತ್ತದೆ. ರಕ್ತದಲ್ಲಿ ಗ್ಲೂಕೋಸ್ ತುಂಬಿ ತುಳುಕುತ್ತಿದ್ದರೂ ಸ್ನಾಯುಗಳಿಗೆ ಅದು ಸಿಗುವುದಿಲ್ಲ. ರಾತ್ರಿ ಮೂರು ಸಲ ಮೂತ್ರಕ್ಕೆ ಎದ್ದರೆ ನಿದ್ದೆಯೂ ಹೋಯಿತು. ಇಷ್ಟಾದ ಮೇಲೆ ತ್ರಾಣ ಎಲ್ಲಿಂದ ಬರಬೇಕು? ಜ್ವರದಲ್ಲಿ ಅಥವಾ ಕೆಮ್ಮಿಗೆ ಸ್ಟೀರಾಯ್ಡ್ ಕೊಟ್ಟಿದ್ದರೆ ಇನ್ನೊಂದು ಮೋಸವಿದೆ. ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಸಕ್ಕರೆಯನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಎತ್ತುತ್ತದೆ, ಖಾಲಿ ಹೊಟ್ಟೆಯ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹೇಳುವುದು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ. ಐದು ವಾರಗಳ ಏರಿಳಿತವನ್ನು ಅದರಲ್ಲಿ ಹುಡುಕಲು ಆಗುವುದಿಲ್ಲ. ಒಂದು ದಿನ 260, ಇನ್ನೊಂದು ರಾತ್ರಿ 55 ಆದರೂ ಸರಾಸರಿ ಸುಂದರವಾಗಿಯೇ ಬರಬಹುದು.

ಹಾಗಾಗಿ ಐದು ದಿನ ಒಂದು ಪುಸ್ತಕದಲ್ಲಿ ಬರೆದಿಡಿ: ಎದ್ದ ಕೂಡಲೇ, ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ, ಸಂಜೆ, ಮಲಗುವ ಮುನ್ನ. ಅದರಲ್ಲಿ ಎರಡು ರಾತ್ರಿಯಾದರೂ ಮೂರು ಗಂಟೆಗೆ ಅಲಾರಂ ಇಟ್ಟುಕೊಂಡು. ಪ್ರತಿ ಅಂಕಿಯ ಪಕ್ಕದಲ್ಲಿ ಆಗಿನ ಸುಸ್ತಿಗೆ ಹತ್ತಕ್ಕೆ ಎಷ್ಟು ಎಂದು ಹಾಕಿ. ಸಕ್ಕರೆಯ ಜೊತೆ ಏರಿಳಿಯುವ ಸುಸ್ತು ಯಾವುದು, ಸಕ್ಕರೆ 140 ಇದ್ದಾಗಲೂ ಕದಲದೆ ಕೂತಿರುವ ಸುಸ್ತು ಯಾವುದು ಎಂದು ನಿಮ್ಮ ಕಣ್ಣಿಗೇ ಕಾಣುತ್ತದೆ. ಸುಸ್ತಿಗೆಂದು ವಿಟಮಿನ್ ಸಿ ಮಾತ್ರೆಗಳನ್ನು ಹೆಚ್ಚು ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ, ಅದು ಕೆಲವು ಗ್ಲುಕೋಮೀಟರ್‌ಗಳ ಮತ್ತು ತೋಳಿಗೆ ಅಂಟಿಸುವ ಸೆನ್ಸರ್‌ಗಳ ಲೆಕ್ಕವನ್ನೇ ತಪ್ಪಿಸುತ್ತದೆ.

‘ವಿಶೇಷವೇನಿಲ್ಲ’ ಎಂದ ವರದಿಯಲ್ಲಿ ಯಾವ ಪರೀಕ್ಷೆಗಳಿದ್ದವು ಎಂದು ಒಮ್ಮೆ ನೋಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಸೋಡಿಯಂ ಮತ್ತು ಪೊಟ್ಯಾಸಿಯಂ, ಯಕೃತ್ತು, ಮೂತ್ರ, ಬಿ12 ಇವೆಲ್ಲ ಇದ್ದವೇ? ವೈರಲ್ ಸೋಂಕಿನ ನಂತರ ಥೈರಾಯ್ಡ್ ಗ್ರಂಥಿ ಉರಿಯೂತಕ್ಕೆ ಒಳಗಾಗುವುದುಂಟು. ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕುಸಿಯಬಹುದು, ಅದರಿಂದ ಅಂಗಾಲು ಜುಮುಗುಟ್ಟುವುದನ್ನು ಮಧುಮೇಹದ ನರದೋಷ ಎಂದುಕೊಂಡು ಸುಮ್ಮನಾಗಿಬಿಡುತ್ತೇವೆ. ನನಗೂ ಬಿ12 ಕಡಿಮೆಯಿತ್ತು. ಬೇಡವಾದ ಪರೀಕ್ಷೆಗಳ ಪಟ್ಟಿ ಹಿಡಿದು ಓಡಿ ಎಂದು ಹೇಳುತ್ತಿಲ್ಲ, ಇಷ್ಟನ್ನು ಬಿಟ್ಟು ‘ಏನೂ ಇಲ್ಲ’ ಎನ್ನಬಾರದು.

ಕೆಲವು ವಿಷಯಗಳಿಗೆ ಐದು ದಿನ ಕಾಯಬೇಡಿ. ಮೆಟ್ಟಿಲು ಹತ್ತುವಾಗ ಹೊಸದಾಗಿ ಉಸಿರು ಕಟ್ಟುವುದು, ಕಾಲು ಊದುವುದು, ಕಾರಣವಿಲ್ಲದೆ ಬೆವರುವುದು, ತಲೆಸುತ್ತಿ ಬೀಳುವಂತಾಗುವುದು ಇದ್ದರೆ ಅದೇ ದಿನ ಇಸಿಜಿ ಮಾಡಿಸಿ. ಮಧುಮೇಹಿಗಳಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಬರುತ್ತದೆ, ಬರೀ ಆಯಾಸವಾಗಿ ಬರುತ್ತದೆ. ವೈರಸ್ ಹೃದಯದ ಸ್ನಾಯುವನ್ನೂ ಬಾಧಿಸಬಲ್ಲದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ವಾಂತಿ, ಹೊಟ್ಟೆನೋವು, ದೀರ್ಘ ಉಸಿರಾಟ ಕಾಣಿಸಿದರೆ ಸಕ್ಕರೆ ತೀರಾ ಹೆಚ್ಚಿಲ್ಲದಿದ್ದರೂ ಕೀಟೋನ್ (ದೇಹ ಕೊಬ್ಬು ಕರಗಿಸುವಾಗ ರಕ್ತಕ್ಕೆ ಸೇರುವ ಆಮ್ಲ) ನೋಡಲೇಬೇಕು. ಮತ್ತೆ ಮತ್ತೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಕಾಲಿನಲ್ಲಿ ಮಾಯದ ಗಾಯ, ಇವೂ ಅಷ್ಟೇ.

ಇನ್ನು ಆ ಕದಲದ ಸುಸ್ತಿನ ಮಾತು. ಹಲವು ವೈರಸ್‌ಗಳು ಇದನ್ನು ಬಿಟ್ಟುಹೋಗುತ್ತವೆ, ಕೋವಿಡ್ ಒಂದೇ ಅಲ್ಲ. ಡೆಂಗಿ, ಚಿಕುನ್‌ಗುನ್ಯಾ, ಎಪ್‌ಸ್ಟೈನ್ ಬಾರ್, ಇನ್‌ಫ್ಲುಯೆಂಜಾ ಎಲ್ಲದರ ನಂತರವೂ ವೈದ್ಯರು ಇದನ್ನು ಕಂಡಿದ್ದಾರೆ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ ಇಳಿಯುತ್ತದೆ. ಐದು ವಾರ ಎಂದರೆ ನೀವು ಇನ್ನೂ ಚೇತರಿಕೆಯ ದಾರಿಯಲ್ಲೇ ಇದ್ದೀರಿ.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು, ಏಕೆಂದರೆ ನಿಮ್ಮ ಮನೆಯವರು ಹೇಳುತ್ತಿರುವುದೂ ಅದನ್ನೇ. ನಡಿಗೆ ನಿಂತು ಸಕ್ಕರೆ ಕೆಡುತ್ತಿದೆ ಎಂಬ ಭಯಕ್ಕೆ, ಸ್ವಲ್ಪ ಹಗುರವೆನಿಸಿದ ಒಂದು ದಿನ ನಲವತ್ತು ನಿಮಿಷ ನಡೆದೆ. ಅಂದು ಏನೂ ಆಗಲಿಲ್ಲ, ಗೆದ್ದೆ ಎಂದುಕೊಂಡೆ. ಮರುದಿನವೂ ಪರವಾಗಿಲ್ಲ. ಅದರ ಮರುದಿನ ಬಾಚಣಿಗೆ ಹಿಡಿದ ಕೈಯನ್ನು ತಲೆಯವರೆಗೆ ಎತ್ತಲಾಗಲಿಲ್ಲ. ಶ್ರಮದ ದಂಡ ತಡವಾಗಿ ಬರುತ್ತದೆ, ಒಂದೆರಡು ದಿನ ಬಿಟ್ಟು. ಹೀಗಾಗುವವರು ದಿನದಿಂದ ದಿನಕ್ಕೆ ವ್ಯಾಯಾಮ ಏರಿಸುತ್ತ ಹೋದರೆ ಕೆಡುಕೇ ಹೆಚ್ಚು. ದೀರ್ಘಕಾಲದ ಆಯಾಸದ ಕಾಯಿಲೆಯವರಿಗೆ ಅಂಥ ಏರಿಕೆಯ ವ್ಯಾಯಾಮವನ್ನು ಶಿಫಾರಸು ಮಾಡಬಾರದೆಂದು ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು.

ಆದರೆ ಪೂರ್ತಿ ಮಲಗಿಬಿಟ್ಟರೂ ಕಷ್ಟ. ಊಟದ ನಂತರದ ಗ್ಲೂಕೋಸನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯು, ಹಾಸಿಗೆಯಲ್ಲೇ ಇದ್ದರೆ ಆ ಸ್ನಾಯುವೇ ಬೇಗ ಕರಗುತ್ತದೆ. ನನಗೆ ಒಗ್ಗಿದ್ದು ಇದು: ಊಟವಾದ ಮೇಲೆ ಮನೆಯೊಳಗೇ ಐದು ನಿಮಿಷ, ಮೂರು ಹೊತ್ತೂ. ಎರಡು ದಿನ ಕಳೆದರೂ ದಂಡ ಬೀಳದಿದ್ದರೆ ಮುಂದಿನ ವಾರ ಏಳು ನಿಮಿಷ. ಬಿದ್ದರೆ ಮೂರಕ್ಕೆ ಇಳಿಯುವುದು. ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮುನ್ನವೇ ಕೂರುವುದು. ಸ್ನಾನದ ಮನೆಯಲ್ಲಿ ಕುರ್ಚಿ ಇಟ್ಟುಕೊಳ್ಳಿ, ಸಂಕೋಚ ಬೇಡ. ಬಿಸಿನೀರು ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಮಧುಮೇಹದಿಂದ ನರಗಳು ಬಳಲಿದ್ದರೆ ನಿಂತಾಗ ರಕ್ತದೊತ್ತಡ ಬೇಗ ಕುಸಿಯುತ್ತದೆ. ಸ್ನಾನದ ನಂತರದ ನಿಮ್ಮ ಆ ಅರ್ಧ ಗಂಟೆಗೆ ಇದೂ ಕಾರಣವಿರಬಹುದು. ಮಲಗಿದಾಗ ಮತ್ತು ಎದ್ದು ಮೂರು ನಿಮಿಷ ನಿಂತ ಮೇಲೆ ಒತ್ತಡ ಅಳೆಯಲು ವೈದ್ಯರಿಗೆ ಹೇಳಿ. ಮೂತ್ರಪಿಂಡ ಸರಿಯಿದ್ದರೆ ಪ್ರತಿ ಊಟದಲ್ಲೂ ಪ್ರೋಟೀನ್ ಇರಲಿ.

ಮನೆಯವರಿಗೆ ಆ ಪುಸ್ತಕವನ್ನು ತೋರಿಸಿ. ನನ್ನ ಮನೆಯಲ್ಲಿ ಮಾತು ನಿಂತದ್ದು ವಾದದಿಂದಲ್ಲ. ಮಂಗಳವಾರದ ನಲವತ್ತು ನಿಮಿಷ ಮತ್ತು ಗುರುವಾರದ ಹತ್ತಕ್ಕೆ ಒಂಬತ್ತು, ಎರಡನ್ನೂ ಒಂದೇ ಪುಟದಲ್ಲಿ ನೋಡಿದ ಮೇಲೆ. ನಿಮಗೆ ಸೋಮಾರಿತನವಿಲ್ಲ. ಎಂಟು ವರ್ಷ ಮಧುಮೇಹವನ್ನು ಸಂಭಾಳಿಸಿಕೊಂಡು ಬಂದವರಿಗೆ ಅದನ್ನು ಅಂಟಿಸುವುದು ಅನ್ಯಾಯ.

ಈ ರಾತ್ರಿ ಗ್ಲುಕೋಮೀಟರನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು, ಮೂರು ಗಂಟೆಗೆ ಅಲಾರಂ ಇಡಿ. ಬಂದ ಅಂಕಿಯನ್ನು ಮೊದಲು ನಿಮ್ಮ ವೈದ್ಯರಿಗೆ ತಿಳಿಸಿ, ಆಮೇಲೆ ಸಾಧ್ಯವಾದರೆ ಇಲ್ಲಿಯೂ ಬರೆಯಿರಿ. ನಾನು ನೋಡುತ್ತಿರುತ್ತೇನೆ.