ಸಿಪ್ಯಾಪ್ ಯಂತ್ರದ ದಾಖಲೆ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗಾಗಿ ನಮ್ಮ ತಂದೆಯವರು ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಯಂತ್ರ ಬಳಸುತ್ತಾರೆ. ಬಳ್ಳಾರಿಯ ವೈದ್ಯರು ಪ್ರತಿ ಭೇಟಿಯಲ್ಲೂ ಅದರ ಮೆಮೊರಿ ಕಾರ್ಡ್ ನೋಡುತ್ತಾರೆ. ಈಚೆಗೆ ಯಂತ್ರವನ್ನು ರಿಪೇರಿಗೆ ಕೊಟ್ಟಾಗ ಬದಲಿ ಯಂತ್ರ ಬಂತು, ಹಳೆಯ ಕಾರ್ಡ್ ಖಾಲಿಯಾಗಿ ಮರಳಿತು. ಅದರಲ್ಲಿದ್ದ ದಾಖಲೆ ಮತ್ತೆ ಸಿಗಬಹುದೇ? ಮುಂದೆ ಹೀಗಾಗದಂತೆ ಏನು ಮಾಡಬೇಕು?
– ಓದುಗರೊಬ್ಬರು, ಗಂಗಾವತಿ

ಉತ್ತರ: ಮೊದಲಿಗೆ, ಆ ಕಾರ್ಡನ್ನು ಮತ್ತೆ ಯಾವ ಯಂತ್ರಕ್ಕೂ ಹಾಕಬೇಡಿ. ಅಳಿಸಿದ ಕಡತಗಳ ಮೇಲೆ ಹೊಸದು ಬರೆಯಲ್ಪಡದಿದ್ದರೆ ಅವನ್ನು ಮರಳಿ ಪಡೆಯುವ ಸಾಧ್ಯತೆ ಸ್ವಲ್ಪಮಟ್ಟಿಗೆ ಉಳಿದಿರುತ್ತದೆ. ಯಂತ್ರದೊಳಗಿನ ನೆನಪಿನಲ್ಲಿಯೂ, ಮೊಬೈಲ್ ಜಾಲದ ಸಂಪರ್ಕವಿರುವ ಮಾದರಿಯಾದರೆ ಕಂಪನಿಯ ಸರ್ವರ್‌ನಲ್ಲಿಯೂ ಸಾರಾಂಶ ಇರಬಹುದಾದ್ದರಿಂದ, ಹಳೆಯ ಯಂತ್ರವನ್ನು ಇನ್ನೊಬ್ಬರಿಗೆ ಕೊಡುವ ಮೊದಲೇ ಮಾರಾಟಗಾರರಲ್ಲಿ ವಿಚಾರಿಸಿ. ಎಷ್ಟು ಗಂಟೆ ಬಳಕೆಯಾಯಿತು, ಮಾಸ್ಕ್‌ನಿಂದ ಗಾಳಿ ಎಷ್ಟು ಸೋರಿತು, ಗಂಟೆಗೆ ಸರಾಸರಿ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬುದು ಸಾರಾಂಶದಿಂದ ತಿಳಿಯುತ್ತದೆ. ಈ ಕೊನೆಯ ಸಂಖ್ಯೆ 5ಕ್ಕಿಂತ ಕಡಿಮೆಯಿರಬೇಕೆಂಬುದು ಸಾಮಾನ್ಯ ಗುರಿ. ಆದರೆ ಉಸಿರಾಟದ ಅಲೆಯ ವಿವರವಾದ ನಕ್ಷೆ ಹೆಚ್ಚಿನ ಮಾದರಿಗಳಲ್ಲಿ ಕಾರ್ಡಿನಲ್ಲಿ ಮಾತ್ರ ಇರುತ್ತದೆ. ಗಂಟಲು ಮುಚ್ಚಿಕೊಂಡು ಉಸಿರು ನಿಂತಿತೋ, ಮೆದುಳಿನಿಂದ ಸೂಚನೆಯೇ ಬರಲಿಲ್ಲವೋ ಎಂದು ವೈದ್ಯರು ಪರಿಶೀಲಿಸುವುದು ಅದರಿಂದಲೇ. ಕಾರ್ಡಿಲ್ಲದೆಯೂ ಯಂತ್ರ ಗಾಳಿ ಕೊಡುತ್ತದೆ, ಆದ್ದರಿಂದ ತಂದೆಯವರ ಚಿಕಿತ್ಸೆಗೆ ಇದರಿಂದ ಅಡ್ಡಿಯಿಲ್ಲ.

ಇನ್ನು ಮುಂದೆ ತಿಂಗಳಿಗೊಮ್ಮೆ, ಹಾಗೂ ರಿಪೇರಿಗೆ ಕೊಡುವ ಮುನ್ನ ತಪ್ಪದೆ, ಪ್ರತಿ ತೆಗೆದಿಡಿ. ಬೆಳಿಗ್ಗೆ ಯಂತ್ರ ನಿಲ್ಲಿಸಿ, ಅದು ಬರೆದು ಮುಗಿಸುವವರೆಗೆ ಸ್ವಲ್ಪ ಕಾದು ಕಾರ್ಡ್ ತೆಗೆಯಿರಿ. ಕಾರ್ಡಿನ ಅಂಚಿನಲ್ಲಿರುವ ಚಿಕ್ಕ ಲಾಕ್ ಗುಂಡಿಯನ್ನು ಸರಿಸಿ ಕಂಪ್ಯೂಟರಿಗೆ ಹಾಕಿದರೆ, ಕಂಪ್ಯೂಟರ್ ಅದರಲ್ಲಿ ತನ್ನ ಕಡತಗಳನ್ನು ಸೇರಿಸಲಾಗದು. ಯಂತ್ರಕ್ಕೆ ಮರಳಿ ಹಾಕುವಾಗ ಲಾಕ್ ತೆಗೆಯದಿದ್ದರೆ ಆ ರಾತ್ರಿಯ ವಿವರ ದಾಖಲಾಗುವುದಿಲ್ಲ. ಜನ ಮರೆಯುವುದು ಇದನ್ನೇ. ಫಾರ್ಮ್ಯಾಟ್ ಮಾಡಲೇ ಎಂದು ಪರದೆ ಕೇಳಿದರೆ ಒಪ್ಪಬೇಡಿ. ಕಾರ್ಡನ್ನು ಮೊಬೈಲಿಗೆ ಹಾಕಿ ನೋಡುವುದಂತೂ ಬೇಡವೇ ಬೇಡ, ಫೋನು ಅದರಲ್ಲಿ ತನ್ನ ಫೋಲ್ಡರ್‌ಗಳನ್ನು ಸೃಷ್ಟಿಸಿಬಿಡುತ್ತದೆ.

ಬೇಕಾದ ಕಡತವೊಂದನ್ನೇ ಆರಿಸಿಕೊಳ್ಳಲು ಹೋಗದೆ, ಕಾರ್ಡಿನಲ್ಲಿರುವುದನ್ನೆಲ್ಲ ಹೆಸರು ಬದಲಿಸದೆ, ದಿನಾಂಕ ಮತ್ತು ಯಂತ್ರದ ಸಂಖ್ಯೆ ಬರೆದ ಹೊಸ ಫೋಲ್ಡರಿಗೆ ನಕಲಿಸಿ, ಏಕೆಂದರೆ ಈ ಕಡತಗಳು ಒಂದನ್ನೊಂದು ಅವಲಂಬಿಸಿರುತ್ತವೆ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇರಲಿ. ಆಸ್ಕರ್ ಎಂಬ ಉಚಿತ ತಂತ್ರಾಂಶ ತಮ್ಮ ಮಾದರಿಯನ್ನು ಓದುವುದಾದರೆ ಪ್ರತಿಯನ್ನು ಅದರಲ್ಲಿ ಒಮ್ಮೆ ತೆರೆದು ನೋಡಿ. ತೆರೆಯದ ಪ್ರತಿಯನ್ನು ಪ್ರತಿಯೆಂದು ನಾನು ಎಣಿಸುವುದಿಲ್ಲ. ಅನೇಕ ಯಂತ್ರಗಳು ಒಂದು ಮಧ್ಯಾಹ್ನದಿಂದ ಮರುದಿನ ಮಧ್ಯಾಹ್ನದವರೆಗೆ ಒಂದೇ ದಿನವೆಂದು ಲೆಕ್ಕ ಹಾಕುತ್ತವೆ, ಹಾಗಾಗಿ ತಾರೀಖು ಒಂದು ದಿನ ಹಿಂದೆ ಕಂಡರೆ ಗಾಬರಿ ಬೇಡ. ನಡುರಾತ್ರಿ ಕರೆಂಟ್ ಹೋದ ದಿನ ದಾಖಲೆ ಎರಡು ತುಂಡಾಗಿ ಕಾಣುವುದೂ ಸಹಜವೇ.

ಬದಲಿ ಯಂತ್ರಕ್ಕೆ ಹೊಸ ಕಾರ್ಡನ್ನೇ ಬಳಸಿ, ಹಳೆಯದನ್ನು ಲಾಕ್ ಮಾಡಿ ತೆಗೆದಿಡಿ. ಗಾಳಿಯ ಒತ್ತಡ, ರ್‍ಯಾಂಪ್ ಸಮಯ (ಗಾಳಿಯ ಒತ್ತಡ ನಿಧಾನವಾಗಿ ಏರಿ ನಿಗದಿತ ಮಟ್ಟ ತಲುಪುವ ಅವಧಿ), ಮಾಸ್ಕ್‌ನ ಅಳತೆ ಇವನ್ನು ವೈದ್ಯರಿಂದ ಬರೆಸಿಕೊಂಡು ಕಡತದಲ್ಲಿಡಿ. ಬದಲಿ ಯಂತ್ರದಲ್ಲಿ ಅದೇ ಒತ್ತಡವನ್ನು ಹೊಂದಿಸಿದ್ದಾರೆಯೇ ಎಂಬುದನ್ನು ಇಂದೇ ಆ ಚೀಟಿಯೊಂದಿಗೆ ತಾಳೆ ನೋಡುವುದು ಒಳ್ಳೆಯದು.